ಅಳಿವೆಯ ಊರಲ್ಲಿ ಅಮ್ಮನಿಗೂ ರಜೆ



ಮಕ್ಕಳ ಶಾಲೆಗೆ ರಜೆ ಹತ್ತಿರ ಬಂತು ಅಂದ್ರೆ ಸಾಕು, ಮನೆಯಲ್ಲಿ ಒಂದೇ ಪ್ರಶ್ನೆ. 'ಈ ಸಲ ಎಲ್ಲಿಗೆ ಹೋಗೋಣ?' ಮಗಳಿಗೆ ಬೆಟ್ಟ ಬೇಕು, ಮಗನಿಗೆ ಸಮುದ್ರ ಬೇಕು, ಅತ್ತೆಯವರಿಗೆ ದೇವಸ್ಥಾನ ಬೇಕು, ಯಜಮಾನರಿಗೆ ನಿದ್ದೆ ಬೇಕು. 'ನಿನಗೇನು ಬೇಕು?' ಅಂತ ಯಾರಾದರೂ ಅಮ್ಮನನ್ನು ಕೇಳಿದ್ದು ನೆನಪಿದೆಯಾ? ಕೇಳಿದರೂ ನಮ್ಮ ಉತ್ತರ ಸಿದ್ಧವಾಗಿಯೇ ಇರುತ್ತದೆ: 'ನಿಮಗೆಲ್ಲ ಎಲ್ಲಿ ಖುಷಿಯೋ ಅಲ್ಲಿಗೆ.'

ನಮ್ಮನೆಯ ಪ್ರವಾಸಗಳೂ ಹಾಗೇ ಇದ್ದವು. ಮೂರು ದಿನಕ್ಕೆ ಏಳು ಊರು. ಹೊರಡುವ ಹಿಂದಿನ ರಾತ್ರಿ ಹನ್ನೆರಡರವರೆಗೆ ಚಪಾತಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಬ್ಯಾಗಿನಲ್ಲಿ ಪುಟ್ಟ ಸ್ಟೌ, ಒಂದು ಪಾತ್ರೆ, ಸಕ್ಕರೆ ಡಬ್ಬಿ. ಲಾಡ್ಜಿನ ಬಚ್ಚಲಲ್ಲಿ ಮಕ್ಕಳ ಬಟ್ಟೆ ಒಗೆದು ಕಿಟಕಿ ಸರಳಿಗೆ ಹರವುವುದು. ವಾಪಸ್ ಬಂದ ಮೇಲೆ ಎರಡು ಬಕೆಟ್ ಕೊಳೆ ಬಟ್ಟೆ, ಒಂದು ವಾರದ ಬೆನ್ನುನೋವು. ಫೋಟೋದಲ್ಲಿ ಮಾತ್ರ ಎಲ್ಲರೂ ನಗ್ತಾ ಇರ್ತೀವಿ. ಇದನ್ನ ರಜೆ ಅನ್ನಬೇಕೋ, ಅಡುಗೆಮನೆಯನ್ನು ಹೊತ್ತುಕೊಂಡು ಊರೂರು ಸುತ್ತೋದು ಅನ್ನಬೇಕೋ ನೀವೇ ಹೇಳಿ.

ಕಳೆದ ಡಿಸೆಂಬರಿನಲ್ಲಿ ನಾನು ಹಟ ಹಿಡಿದೆ. 'ಒಂದೇ ಊರು. ನಾಲ್ಕು ದಿನ. ಸ್ಟೌ ಮನೆಯಲ್ಲೇ ಇರುತ್ತೆ.' ಗೆಳತಿಯೊಬ್ಬಳು ಹೇಳಿದ ಜಾಗ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಹೊಳೆದಂಡೆಯ ಊರು, ಒಂದು ಹೆಂಚಿನ ಮನೆ. ಅತಿಥಿಗಳಿಗೆ ಎರಡು ಕೋಣೆ ಕೊಡ್ತಾರೆ, ಊಟವೂ ಅವರದೇ. ಆ ನಾಲ್ಕು ದಿನದಲ್ಲಿ ನಾನು ಕಲಿತದ್ದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿತು. ಅದು ಜಾಗದ ವರ್ಣನೆ ಮಾತ್ರ ಅಲ್ಲ. ನಮ್ಮ ನಿಮ್ಮ ರಜೆಯ ವಿಚಾರ.

ನೀರೇ ಗಡಿಯಾರ

ಮೊದಲು ಜಾಗದ ಬಗ್ಗೆ ಎರಡು ಮಾತು. ಅಘನಾಶಿನಿ ಶಿರಸಿ ಕಡೆ ಘಟ್ಟದಲ್ಲಿ ಹುಟ್ಟುವ ನದಿ. ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಕಾಡು ದಾಟಿ, ಒಟ್ಟು ಸುಮಾರು 120 ಕಿ.ಮೀ. ಹರಿದು ಸಮುದ್ರ ಸೇರುತ್ತದೆ. ನದಿಗೆ ಅಡ್ಡವಾಗಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಕೊನೆಯಲ್ಲಿ ಹೊಳೆ ಅಗಲವಾಗಿ ಹರಡಿಕೊಳ್ಳುತ್ತದೆ. ಬಡಗು ದಡದಲ್ಲಿ ತದಡಿ, ತೆಂಕು ದಡದಲ್ಲಿ ಅಘನಾಶಿನಿ ಅನ್ನೋ ಊರು. ನದಿಯ ಹೆಸರೇ ಊರಿಗೂ. ಸಿಹಿನೀರು, ಉಪ್ಪುನೀರು ಬೆರೆಯುವ ಇಂಥ ಜಾಗಕ್ಕೆ ಅಳಿವೆ ಅಂತಾರೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಅಳಿವೆ ಊರಿನ ವಿಶೇಷ ಏನು ಗೊತ್ತಾ? ಅಲ್ಲಿ ಕೆಲಸಗಳು ಗೋಡೆ ಗಡಿಯಾರ ನೋಡಿ ನಡೆಯೋದಿಲ್ಲ. ಸಮುದ್ರದ ಭರತ ಬಂದಾಗ ಹೊಳೆ ಹಿಂದಕ್ಕೆ ಉಬ್ಬಿ ದಡದ ತನಕ ತುಂಬುತ್ತದೆ. ಆರು ಗಂಟೆ ಚಿಲ್ಲರೆ ಹೊತ್ತು ಕಳೆದರೆ ಇಳಿತ. ನೀರು ಸರಿದು ಕೆಸರು, ಮರಳುದಿಬ್ಬ, ಕಾಂಡ್ಲಾ ಗಿಡದ ಬೇರುಗಳು ಎದ್ದು ಕಾಣುತ್ತವೆ. ದಿನಕ್ಕೆ ಎರಡು ಸಲ ತುಂಬುತ್ತದೆ, ಎರಡು ಸಲ ಇಳಿಯುತ್ತದೆ. ಆದರೆ ನಿನ್ನೆಯ ಹೊತ್ತಿಗೇ ಇವತ್ತೂ ಅಲ್ಲ, ದಿನಾ ಸುಮಾರು 50 ನಿಮಿಷ ತಡ. ನಾವು ಹೋದ ದಿನ ಬೆಳಿಗ್ಗೆ ಒಂಬತ್ತಕ್ಕೆ ನೀರು ಪೂರ್ತಿ ಇಳಿದಿತ್ತು. ಮರುದಿನ ಹತ್ತು ಗಂಟೆ ಹತ್ತಿರ ಆಯಿತು, ಅದರ ಮರುದಿನ ಹತ್ತೂಮುಕ್ಕಾಲು.

ಇದಕ್ಕೆಲ್ಲ ಚಂದ್ರನೇ ಮುಖ್ಯ ಕಾರಣ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಭರತ ಜೋರು, ಇಳಿತವೂ ಜೋರು. ಅಷ್ಟಮಿ ಹತ್ತಿರ ಎರಡೂ ಸೌಮ್ಯ. ನಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡೋದು ಏಕಾದಶಿ, ಸಂಕಷ್ಟಿಗೆ ಮಾತ್ರ ಅಂತ ತಿಳಿದಿದ್ದೆ. ಅಲ್ಲಿನವರು ಅದೇ ತಿಥಿ ನೋಡಿ ಇವತ್ತು ಹೊಳೆಗೆ ಯಾವಾಗ ಇಳಿಯಬಹುದು ಅಂತ ಹೇಳ್ತಾರೆ!

ಐದು ಗಂಟೆಗೆ ಎದ್ದ ಕಾಲು

ಮೊದಲನೇ ದಿನ ಬೆಳಿಗ್ಗೆ ಅಭ್ಯಾಸಬಲ, ಐದಕ್ಕೇ ಎಚ್ಚರ. ಕಾಲು ತಾನಾಗಿ ಅಡುಗೆಮನೆ ಕಡೆಗೆ ನಡೆಯಿತು. ಮನೆಯ ಅಕ್ಕ ಒಲೆ ಹಚ್ಚುತ್ತಿದ್ದರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. 'ಏನಾದ್ರೂ ಹೆಚ್ಚಿಕೊಡ್ಲಾ ಅಕ್ಕಾ?' ಅಂದೆ. ಅವರು ನಕ್ಕು, 'ಅಡ್ಡಿಲ್ಲ ತಂಗಿ, ನಾ ಮಾಡ್ತೆ. ನೀವು ಹೊಳೆಬದಿ ಕೂತ್ಕಳಿ' ಅಂದು ಬಿಸಿ ಕಷಾಯದ ಲೋಟ ಕೈಗೆ ಕೊಟ್ಟರು.

ಹೊಳೆಬದಿಯ ಕಲ್ಲಿನ ಮೇಲೆ ಕೂತೆ. ಕಷಾಯ ಆರುವ ಮೊದಲು ಕುಡಿದೆ. ಗೆಳತಿಯರೇ, ನಗಬೇಡಿ. ಬಿಸಿ ಇರುವಾಗಲೇ ಒಂದು ಲೋಟ ಪೂರ್ತಿ ಕುಡಿದು ಎಷ್ಟು ವರ್ಷ ಆಗಿತ್ತೋ! ಎದುರಿಗೆ ನೀರು ನಿಧಾನವಾಗಿ ಇಳಿಯುತ್ತಿತ್ತು. ಬೆಳ್ಳಕ್ಕಿಗಳು ಒಂದೊಂದಾಗಿ ಬಂದು ಕೆಸರಿನಲ್ಲಿ ನಿಂತವು. ಏನೂ ಮಾಡದೆ ಕೂತಿದ್ದಕ್ಕೆ ಮೊದಲ ಅರ್ಧ ಗಂಟೆ ಮನಸ್ಸಿಗೆ ಕಸಿವಿಸಿ, ಏನೋ ತಪ್ಪು ಮಾಡಿದ ಹಾಗೆ. ಆಮೇಲೆ ಅದೂ ಇಳಿಯಿತು.

ತಿಂಡಿಗೆ ತೆಳ್ಳೇವು, ಬೆಲ್ಲ. ಮಧ್ಯಾಹ್ನ ಅನ್ನ, ಅಪ್ಪೆಹುಳಿ, ಮೀನು ತಿನ್ನುವವರಿಗೆ ಮೀನು. ಬಾಯಾರಿದಾಗ ಮುರುಗಲು ಹಣ್ಣಿನ ಶರಬತ್ತು. ನಾನು ಕೈ ತೊಳೆದು ಕೂತೆ, ಬಡಿಸಿದರು, ಉಂಡೆ. ಮಕ್ಕಳು ಟೀವಿ ಕೇಳಲಿಲ್ಲ. ಮಧ್ಯಾಹ್ನ ಮೂರಕ್ಕೆ ನೀರು ತುಂಬಿದಾಗ ದಡದಲ್ಲಿ ಕೂತು ಕಾಲು ಇಳಿಬಿಟ್ಟರು, ಅಷ್ಟೇ. ಅತ್ತೆಯವರು ತಾರಿ ದೋಣಿಯಲ್ಲಿ ತದಡಿಗೆ ದಾಟಿ, ಯಜಮಾನರ ಜೊತೆ ಗೋಕರ್ಣ ಮಹಾಬಲೇಶ್ವರನ ದರ್ಶನ ಮಾಡಿಬಂದರು. ನಾನು ಹೋಗಲಿಲ್ಲ. 'ನೀವಿಬ್ಬರೂ ಹೋಗಿಬನ್ನಿ' ಅಂದೆ. ಅದನ್ನು ಹೇಳಲು ಧೈರ್ಯ ಬೇಕಾಯಿತು. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ.

ಹಿಂದಿನಿಂದ ಬಂದ ನೀರು

ಎರಡನೇ ದಿನ ಒಂದು ಪಾಠ ಕಲಿತೆವು. ನೀರು ಇಳಿದಿದ್ದಾಗ ಮಗ ಮರಳುದಿಬ್ಬದ ಮೇಲೆ ಏಡಿ ನೋಡುತ್ತಾ ದೂರ ಹೋಗಿಬಿಟ್ಟ. ಅವನ ಮುಂದೆ ನೀರು ಇನ್ನೂ ದೂರದಲ್ಲೇ ಇತ್ತು, ಹಾಗಾಗಿ ನಾನೂ ಸುಮ್ಮನಿದ್ದೆ. ಅಕ್ಕ ಹಿತ್ತಿಲಿಂದ ಓಡಿಬಂದು ಜೋರಾಗಿ ಕೂಗಿದರು, 'ತಮಾ, ಬಾ ಇತ್ಲಾಗೆ! ಬೇಗ ಬಾ!' ಆಗ ನೋಡ್ತೀನಿ, ಅವನಿಗೂ ದಡಕ್ಕೂ ನಡುವೆ ಇದ್ದ ಸಣ್ಣ ಕಾಲುವೆಯಂಥ ತಗ್ಗಿನಲ್ಲಿ ಸದ್ದಿಲ್ಲದೆ ನೀರು ಏರಿದೆ. ಬರುವಾಗ ಮೊಣಕಾಲುವರೆಗೆ ಬಂತು. ಇನ್ನು ಅರ್ಧ ಗಂಟೆ ಕಳೆದಿದ್ದರೆ? ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಅಳಿವೆಯಲ್ಲಿ ಭರತದ ನೀರು ಎದುರಿನಿಂದ ಅಲೆಯಾಗಿ ಬರಬೇಕು ಅಂತೇನಿಲ್ಲ. ತಗ್ಗು ಕಾಲುವೆಗಳು ಮೊದಲು ತುಂಬುತ್ತವೆ, ಎತ್ತರದ ದಿಬ್ಬ ಕೊನೆಗೆ ಮುಳುಗುತ್ತದೆ. ದಿಬ್ಬದ ಮೇಲಿದ್ದವರಿಗೆ ಹಿಂದೆ ದಾರಿ ಮುಚ್ಚಿದ್ದು ಗೊತ್ತೇ ಆಗುವುದಿಲ್ಲ. ಇಳಿತದ ಹೊತ್ತಿನಲ್ಲಿ ಇನ್ನೊಂದು ಅಪಾಯ: ನೀರು ಸಮುದ್ರದ ಕಡೆಗೆ ಸೆಳೆಯುತ್ತದೆ. ಅದರಲ್ಲೂ ಭರತ-ಇಳಿತಗಳ ನಡುವಿನ ಹೊತ್ತಿನಲ್ಲಿ ಸೆಳೆತ ಜಾಸ್ತಿ. ಹೊಳೆ ಶಾಂತವಾಗಿ ಕಂಡರೂ ಈಜು ಬರುವವರನ್ನೂ ಎಳೆದೊಯ್ಯಬಲ್ಲದು. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು.

'ನಿಮಗೆ ರಜೆ ಯಾವಾಗ ಅಕ್ಕಾ?'

ಆ ದಿನ ಸಂಜೆ ಅಕ್ಕನ ಜೊತೆ ಕೂತೆ. ಬೆಳಿಗ್ಗೆ ನಮಗೆ ತಿಂಡಿ ಕೊಟ್ಟು ಅವರು ಹೊಳೆಗೆ ಇಳಿದಿದ್ದನ್ನು ನೋಡಿದ್ದೆ. ನೀರು ಇಳಿದಾಗ ಊರಿನ ಹೆಂಗಸರು ಸೀರೆ ಎತ್ತಿಕಟ್ಟಿ, ಬುಟ್ಟಿ ಹಿಡಿದು ಚಿಪ್ಪಿಕಲ್ಲು ಆರಿಸಲು ಹೋಗ್ತಾರೆ. ಕಾಲಿನಿಂದ, ಕೈಯಿಂದ ಕೆಸರು ತಡವಿ ಒಂದೊಂದೇ ತೆಗೆಯಬೇಕು. ಚಿಪ್ಪಿಗೆ ಕಾಲು ಕೊಯ್ಯುತ್ತದೆ, ಉಪ್ಪುನೀರಿಗೆ ಗಾಯ ಉರಿಯುತ್ತದೆ. ನೀರು ಏರುವ ಮೊದಲು ದಡ ಸೇರಬೇಕು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಮಾರಾಟಕ್ಕೆ.

'ನಿಮಗೆ ರಜೆ ಯಾವಾಗ ಅಕ್ಕಾ?' ಅಂತ ಸುಮ್ಮನೆ ಕೇಳಿದೆ. ಅವರು ಸ್ವಲ್ಪ ಯೋಚಿಸಿ, 'ನೀರು ಇಳಿದ್ರೆ ಹೊಳೆ ಕೆಲ್ಸ. ನೀರು ತುಂಬಿದ್ರೆ ಮನೆ ಕೆಲ್ಸ. ನೆಂಟರು ಬಂದ್ರೆ ಎರಡೂ. ರಜೆ ಎಲ್ಲಿ ಬಂತು ತಂಗಿ?' ಅಂದರು. ದೂರು ಹೇಳುವ ದನಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

ನನಗೆ ಚುರ್ ಅಂತು. ಎರಡು ದಿನದಿಂದ ನಾನು ಬಿಸಿ ಕಷಾಯ ಕುಡಿದು 'ಆಹಾ ರಜೆ' ಅಂತಿದ್ದೆನಲ್ಲ, ನನ್ನ ಹೆಗಲಿನ ಕೆಲಸ ಮಾಯವಾಗಿರಲಿಲ್ಲ. ಇನ್ನೊಬ್ಬ ಹೆಣ್ಣಿನ ಹೆಗಲಿಗೆ ದಾಟಿತ್ತು, ಅಷ್ಟೇ. ನಮ್ಮ ಯಜಮಾನರು, ಮಕ್ಕಳು ಮನೆಯಲ್ಲಿ ಹೇಗೋ ಇಲ್ಲೂ ಹಾಗೇ. ಉಂಡ ಎಲೆ ಬಿಟ್ಟು ಎದ್ದದ್ದು, ಒದ್ದೆ ಟವೆಲ್ ಮಂಚದ ಮೇಲೆ, 'ಅಮ್ಮಾ ನೀರು' ಅನ್ನೋ ಬದಲು 'ಆಂಟೀ ನೀರು'. ಬದಲಾದದ್ದು ಹೆಸರು ಒಂದೇ!

ಹಾಗಂತ ನಾವು ಹೋಗಲೇಬಾರದು ಅಂತಲ್ಲ. ಅಕ್ಕನಿಗೆ ಇದು ದುಡಿಮೆ, ನಾವು ಕೊಡುವ ಹಣ ಅವರ ಮನೆಗೆ ಬೇಕು. 'ಅತಿಥಿಗಳು ಬಂದರೆ ಮಗಳ ಕಾಲೇಜು ಫೀಸಿಗೆ ಆಗ್ತದೆ' ಅಂತ ಅವರೇ ಹೇಳಿದರು. ದುಡಿಮೆಗೆ ಸರಿಯಾದ ಬೆಲೆ, ಮರ್ಯಾದೆ ಕೊಡುವುದು ಒಂದು ಮಾತು. ನಮ್ಮ ಮನೆಮಂದಿಯ ಸೋಮಾರಿತನವನ್ನು ಅವರ ತಲೆಗೆ ಕಟ್ಟುವುದು ಬೇರೆಯೇ ಮಾತು.

ಆ ರಾತ್ರಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿದೆ. ಮರುದಿನದಿಂದ ತಟ್ಟೆ ತೊಳೆಯುವುದು ಮಗ ಮತ್ತು ಅವನ ಅಪ್ಪ. ನೀರು ತುಂಬಿಡುವುದು, ಹಾಸಿಗೆ ಮಡಚುವುದು ಮಗಳು. ಅತ್ತೆಯವರು ತಾವಾಗಿಯೇ ತೆಂಗಿನಕಾಯಿ ತುರಿಯಲು ಕೂತರು, ಅದು ಅವರಿಗೆ ಖುಷಿ. ನಾನು? ಅಕ್ಕನನ್ನು ಕರೆದುಕೊಂಡು ಹೊಳೆಬದಿ ಕೂತೆ. ಮೊದಲು 'ಛೇ ಛೇ, ಬೇಡ' ಅಂದವರು ಅರ್ಧ ಗಂಟೆ ಕೂತು ಮಾತಾಡಿದರು. ಗಜನಿ ಗದ್ದೆಯ ಕತೆ ಹೇಳಿದ್ದೇ ಆಗ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಅನ್ನೋ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರಂತೆ. ಈಗ ಕಗ್ಗ ಬೆಳೆಯುವವರು ಕಡಿಮೆ ಆಗಿದ್ದಾರೆ ಅಂತ ಬೇಸರಪಟ್ಟರು.

ಮನೆಗೆ ತಂದದ್ದು

ಊರಿಗೆ ಹಿಂತಿರುಗಿ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ನಿಯಮ ಆಗಿದೆ. ಭಾನುವಾರ ಸಂಜೆ ನಾಲ್ಕರಿಂದ ಏಳು 'ಭರತದ ಹೊತ್ತು'. ನೀರು ತುಂಬಿದಾಗ ಹೊಳೆಗೆ ಹೇಗೆ ಇಳಿಯುವ ಹಾಗಿಲ್ಲವೋ ಹಾಗೆ ಆ ಹೊತ್ತು ಅಮ್ಮ ಅಡುಗೆಮನೆಗೆ ಇಳಿಯುವ ಹಾಗಿಲ್ಲ. ಕಾಫಿ ಬೇಕಾದವರು ಮಾಡಿಕೊಳ್ಳಬೇಕು. ಮೊದಲ ವಾರ ಹಾಲು ಉಕ್ಕಿ ಸ್ಟೌ ಎಲ್ಲ ಚೆಲ್ಲಿತ್ತು. ಒರೆಸಿದ್ದೂ ಉಕ್ಕಿಸಿದವರೇ! ನಮ್ಮ ಮನೆಗೆಲಸಕ್ಕೆ ಬರುವವಳಿಗೂ ವಾರಕ್ಕೊಂದು ದಿನ ಸಂಬಳ ಹಿಡಿಯದೆ ರಜೆ ಕೊಡ್ತಿದ್ದೀವಿ. ನನಗೆ ರಜೆ ಬೇಕು ಅಂತ ಕೇಳುವ ಬಾಯಿ ಅವಳ ರಜೆಯ ಬಗ್ಗೆ ಸುಮ್ಮನಿದ್ದರೆ ಹೇಗೆ, ಅಲ್ವಾ?

ರಜೆ ಎಂದರೆ ಕೆಲಸವನ್ನು ಒಬ್ಬಳಿಂದ ಇನ್ನೊಬ್ಬಳಿಗೆ ದಾಟಿಸುವುದಲ್ಲ, ಮನೆಮಂದಿಯೆಲ್ಲ ಹಂಚಿಕೊಂಡು ಹಗುರ ಮಾಡುವುದು. ಇದನ್ನು ಕಲಿಯಲು ಅಳಿವೆಯ ಊರಿಗೇ ಹೋಗಬೇಕು ಅಂತಿಲ್ಲ. ಆದರೆ ಹೋದರೆ ಬೇಗ ಕಲಿಯಬಹುದು. ಯಾಕಂದ್ರೆ ಅಲ್ಲಿ ನೋಡಲು 'ಪಾಯಿಂಟು'ಗಳಿಲ್ಲ, ಓಡಲು ಅವಸರವಿಲ್ಲ. ನೀರು ಬರುವವರೆಗೆ ಕಾಯಬೇಕು, ಹೋಗುವವರೆಗೆ ಕಾಯಬೇಕು. ಕಾಯುವಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಲೇಬೇಕು!

ಹೊರಡುವ ಮುನ್ನ ಇಷ್ಟು ನೆನಪಿಡಿ

* ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಸೆಕೆ, ಬೆವರು ವಿಪರೀತ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯ ಮಳೆ ಜೋರು, ಮಕ್ಕಳೊಂದಿಗೆ ಹೊಳೆದಂಡೆಗೆ ಹೋಗುವ ಕಾಲವಲ್ಲ.

* ಬೆಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ರಾತ್ರಿ ರೈಲು ಕುಮಟಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೊಳೆದಂಡೆಯ ಊರುಗಳಿಗೆ ಬಸ್ಸು, ಆಟೋ ಸಿಗುತ್ತವೆ. ಉಳಿಯುವ ಮನೆಯವರಿಗೆ ಮೊದಲೇ ಫೋನ್ ಮಾಡಿ ಎಷ್ಟು ಜನ, ಸಸ್ಯಾಹಾರವೋ ಮೀನೂಟವೋ ಅಂತ ತಿಳಿಸಿ. ಹೋದ ಮೇಲೆ ಪಟ್ಟಿ ಕೊಡಬೇಡಿ.

* ತಲುಪಿದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ: 'ಇವತ್ತು ಭರತ ಎಷ್ಟು ಹೊತ್ತಿಗೆ?' ಮಕ್ಕಳಿಗೂ ಹೇಳಿಕೊಡಿ. ಊರಿನವರು 'ಬೇಡ' ಅಂದ ಕಡೆ ನೀರಿಗೆ ಇಳಿಯಲೇಬೇಡಿ. ಇಳಿತ ಮುಗಿದು ನೀರು ತಿರುಗುವ ಮೊದಲೇ ದಿಬ್ಬ ಬಿಟ್ಟು ದಡಕ್ಕೆ ಬನ್ನಿ. ದೋಣಿಯಲ್ಲಿ ಎಲ್ಲರಿಗೂ ಜೀವರಕ್ಷಕ ಜಾಕೆಟ್ ಕೇಳಿ ಹಾಕಿಸಿ.

* ಬರಿಗಾಲಲ್ಲಿ ಕೆಸರಿಗೆ ಬೇಡ, ಚಿಪ್ಪು ಬ್ಲೇಡಿನಷ್ಟು ಹರಿತ. ಹಿಂದೆ ಪಟ್ಟಿ ಇರುವ ಹಳೇ ಚಪ್ಪಲಿ, ಗಾಯಕ್ಕೆ ಔಷಧಿ, ಸೊಳ್ಳೆಗೆ ಮುಲಾಮು, ಟಾರ್ಚು ಬ್ಯಾಗಿನಲ್ಲಿರಲಿ.

* ಹೆಂಗಸರು ಚಿಪ್ಪಿಕಲ್ಲು ಆರಿಸುವಾಗ ಕೇಳದೆ ಫೋಟೋ ತೆಗೆಯಬೇಡಿ. ಅದು ಅವರ ದುಡಿಮೆಯ ಹೊತ್ತು. ಸೀರೆ ಎತ್ತಿಕಟ್ಟಿ ನೀರಲ್ಲಿ ನಿಂತಾಗ ಯಾರೋ ಬಂದು ನಮ್ಮ ಫೋಟೋ ತೆಗೆದರೆ ನಮಗೆ ಹೇಗಾಗುತ್ತೆ?

* ಒಂದು ದಿನ ಬಿಡುವು ಮಾಡಿಕೊಂಡು ಮಿರ್ಜಾನ್ ಕೋಟೆ ನೋಡಿ. ಕಾಳುಮೆಣಸಿನ ರಾಣಿ ಎಂದೇ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನೆನಪಿನ ಕೋಟೆ ಅದು. ಒಬ್ಬ ಹೆಣ್ಣು 16ನೇ ಶತಮಾನದಲ್ಲಿ ಈ ಸೀಮೆ ಆಳಿದ್ದಳು ಅಂತ ಹೆಣ್ಣುಮಕ್ಕಳಿಗೆ ಹೇಳಿ.

* ಮನೆಗೆ ಏನಾದರೂ ತರಬೇಕೆಂದರೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು ತನ್ನಿ. ಉಪ್ಪಿನಕಾಯಿಗೆ ಚೆನ್ನ. ದಿನದ ಅಡುಗೆಗೆ ಮಾತ್ರ ಅಯೋಡಿನ್ ಇರುವ ಉಪ್ಪನ್ನೇ ಬಳಸಿ. ಬೇಸಿಗೆಯಲ್ಲಿ ಹೋದವರಿಗೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ ಸಿಗುತ್ತದೆ. ಹತ್ತು ರೂಪಾಯಿಗಾಗಿ ಚೌಕಾಸಿ ಬೇಡ.

* ಪ್ಲಾಸ್ಟಿಕ್ ಕವರು, ಮಗುವಿನ ಡೈಪರು, ಸ್ಯಾನಿಟರಿ ಪ್ಯಾಡು ಯಾವುದನ್ನೂ ಹೊಳೆದಂಡೆಯಲ್ಲಿ ಬಿಡಬೇಡಿ. ಇಳಿತದಲ್ಲಿ ಹೋದ ಕಸ ಭರತದಲ್ಲಿ ವಾಪಸ್ ಬಂದು ಅವರ ಅಂಗಳದ ಅಂಚಿಗೇ ನಿಲ್ಲುತ್ತದೆ.

* ಎಲ್ಲಕ್ಕಿಂತ ಮುಖ್ಯ: ಹೊರಡುವ ಮೊದಲೇ ಮನೆಯವರನ್ನೆಲ್ಲ ಕೂರಿಸಿ ಯಾರ ಕೆಲಸ ಯಾರದು ಅಂತ ಹಂಚಿಬಿಡಿ. ಹೊಳೆದಂಡೆಗೆ ಹೋದ ಮೇಲೆ ಜಗಳ ಶುರು ಮಾಡಬೇಡಿ!

ಹೊರಡುವ ದಿನ ಅಕ್ಕ ಒಂದು ಪೊಟ್ಟಣ ಕೈಗಿಟ್ಟರು. ಕಗ್ಗದ ಅಕ್ಕಿ, ಎರಡು ಮುಷ್ಟಿಯಷ್ಟು. 'ಗಂಜಿ ಮಾಡಿ ಕುಡೀರಿ ತಂಗಿ' ಅಂದರು. ಆ ಗಂಜಿ ಮಾಡಿದ್ದು ಒಂದು ಭಾನುವಾರ ಸಂಜೆ, ಭರತದ ಹೊತ್ತಿನಲ್ಲಿ. ಮಾಡಿದ್ದು ನಾನಲ್ಲ, ಮಗ. ಸ್ವಲ್ಪ ತಳ ಹಿಡಿದಿತ್ತು, ಉಪ್ಪು ಜಾಸ್ತಿ ಆಗಿತ್ತು. ಎರಡು ಲೋಟ ಕುಡಿದೆ, ಬಿಸಿ ಇರುವಾಗಲೇ.

ಈ ಸಲದ ರಜೆಗೆ ನಿಮ್ಮ ಮನೆಯಲ್ಲಿ 'ನಿನಗೇನು ಬೇಕು?' ಅಂತ ಕೇಳಿದರೆ, 'ನಿಮಗೆಲ್ಲ ಎಲ್ಲಿ ಖುಷಿಯೋ ಅಲ್ಲಿಗೆ' ಅನ್ನಬೇಡಿ. ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ. ಏನಂತೀರಿ?